ಹೊವಿನಾ ಅತ್ತಿಗೆ ಕೇಳಿದ ಸಿಳ್ಳೆ

ಹೊವಿನಾ ಅತ್ತಿಗೆ ನಮ್ಮಣ್ಣ ಬಾಲ್ದೊಮೆರೊನ ಹೆಂಡತಿ. ಐವತ್ತು ವರ್ಷ ಹಾಲು ಕರೆದು ಚೀಸ್ ಮಾಡಿ ಮಾರಿದವಳು. ಬಾಯಿ ಮಾತ್ರ ಖಾರ, ನನ್ನದಕ್ಕಿಂತಲೂ. ಚಿಲಿ ದೇಶದ ನಮ್ಮ ಅರಾವುಕೊ ಬೆಟ್ಟಗಳಲ್ಲಿ ಹೆಬ್ಬೆರಳಿನಷ್ಟು ಒಂದು ಕಪ್ಪೆ ಇತ್ತು. ದನಗಳನ್ನ ಕೂಗಿ ಕರೆಯೋರ ಥರಾನೇ ಸಿಳ್ಳೆ ಹಾಕುತ್ತೆ ಅಂತ ಅದನ್ನ ದನಗಾಹಿ ಕಪ್ಪೆ ಅಂತಿದ್ವಿ. ಅದೆಂದರೆ ಅತ್ತಿಗೆಗೆ ಪ್ರಾಣ.

ಮದುವೆಯಾದ ಹೊಸತರಲ್ಲಿ ಅಣ್ಣ ಹಳ್ಳದ ಮೇಲಿನ ಕಾಡು ಕಡಿದು ನೀಲಗಿರಿ ನೆಟ್ಟ. ನೀರು ಇಂಗಿತು, ಸಿಳ್ಳೆ ನಿಂತಿತು. ಅತ್ತಿಗೆ ಚಳಿಗಾಲವಿಡೀ ಅವನ ಜೊತೆ ಮಾತು ಬಿಟ್ಟಳು. ವಸಂತ ಬಂದಾಗ ಹಳ್ಳದಲ್ಲಿ ಮತ್ತೆ ಸಿಳ್ಳೆ! ಅವತ್ತೇ ಅವನನ್ನ ಕ್ಷಮಿಸಿದಳು. ಆಮೇಲೆ ಪ್ರತಿ ವಸಂತವೂ ಅದು ಕೇಳ್ತಾನೇ ಇತ್ತು.

ಈ ಚಳಿಗಾಲದಲ್ಲಿ ಅಣ್ಣ ತೀರಿಕೊಂಡ. ವಸಂತ ಬಂತು, ಹಳ್ಳ ಮೌನ. ಹಸುಗಳು ಮಾತ್ರ ಆ ಕಡೆಗೇ ಮುಖ ಮಾಡಿ ನಿಲ್ಲುತ್ತಿದ್ದವು.

ಅಷ್ಟರಲ್ಲಿ ಮರದ ಕಂಪನಿಯವರು ಹಳ್ಳದ ಉಳಿದ ಕಾಡಿಗೂ ಗುರುತು ಹಾಕಿ ಹೋದರು. ಅಪರೂಪದ ಆ ಕಪ್ಪೆ ಇದೆ ಅಂತ ತೋರಿಸಿದರೆ ಕಾನೂನು ಪ್ರಕಾರ ಕಡಿಯೋ ಹಾಗಿಲ್ಲ. ಅತ್ತಿಗೆ ಕಪ್ಪೆಗಳ ಬಗ್ಗೆ ಓದಿಕೊಂಡ ರಾಯೇನ್ ಅನ್ನೋ ಹುಡುಗಿಯನ್ನ ಕರೆಸಿ, ಹೋದ ವರ್ಷ ಮೊಬೈಲಿನಲ್ಲಿ ಹಿಡಿದಿಟ್ಟ ಸಿಳ್ಳೆ ಕೊಟ್ಟಳು.

“ಯಾವ ಕಪ್ಪೆ ಅಜ್ಜಿ? ಎರಡು ಜಾತಿ ಇವೆ. ಎರಡರಲ್ಲೂ ಗಂಡೇ ಮರಿಗಳನ್ನ ಗಂಟಲ ಚೀಲದಲ್ಲಿ ಇಟ್ಕೊಳ್ಳೋದು. ದಕ್ಷಿಣದ್ದು ಮರಿಗೆ ಕಾಲು ಬಂದಮೇಲೇ ಹೊರಗೆ ಬಿಡುತ್ತೆ. ಉತ್ತರದ್ದು ಗೊದಮೊಟ್ಟೆ ಇದ್ದಾಗಲೇ ನೀರಿಗೆ ಬಿಡುತ್ತೆ. ನೀರಿಲ್ಲದಿದ್ರೆ ಅದರ ಕಥೆ ಮುಗೀತು. ಅದನ್ನ ಕಂಡೋರೇ ಇಲ್ಲ, ನಲವತ್ತು ವರ್ಷದ ಮೇಲಾಯ್ತು.”

“ಬಸಿರು ಹೊರೋ ಗಂಡಸರಾ? ನಮ್ಮವರನ್ನ ಅಲ್ಲಿ ಪಾಠಕ್ಕೆ ಕಳಿಸ್ಬೇಕಿತ್ತು!” ಅತ್ತಿಗೆ ನಕ್ಕಳು.

ರಾಯೇನ್ ಎರಡೂ ಕಪ್ಪೆಗಳ ಕೂಗು ಕೇಳಿಸಿದಳು. ಆಮೇಲೆ ಅತ್ತಿಗೆಯ ಮೊಬೈಲ್ ಜೋರಾಗಿ ಹಾಕಿದಳು. ಸಿಳ್ಳೆ. ಮತ್ತೆ ಸಿಳ್ಳೆ. ಆಮೇಲೆ ಒಂದು ಕೆಮ್ಮು.

ನಾನು ಹುಟ್ಟಿದಾಗಿಂದ ಕೇಳಿದ ಕೆಮ್ಮು ಅದು. ಕಳ್ಳ ನನ್ಮಗ, ಇಷ್ಟು ವರ್ಷ!

“ಯಾರೋ ದಾರಿಹೋಕರಿರಬೇಕು,” ಅಂದೆ. ಹೇಗಾದರೂ ಹಳ್ಳ ಉಳಿಯಲಿ ಅಂತ.

“ಸುಮ್ನಿರೇ,” ಅಂದಳು ಅತ್ತಿಗೆ. “ಅದು ನನ್ನ ಗಂಡ. ಸಿಳ್ಳೆನೂ ಅವನದ್ದೇ. ಕಪ್ಪೆ ಸತ್ತು ಯಾವ ಕಾಲ ಆಯ್ತೋ.”

“ಹಾಗಾದ್ರೆ ಮರ ಉಳಿಸೋಕೆ ನನ್ನ ಕೈಲಿ ಆಗಲ್ಲ ಅಜ್ಜಿ,” ಅಂದಳು ರಾಯೇನ್ ಮೆಲ್ಲಗೆ.

ಅತ್ತಿಗೆ ಅವಳ ಕಡೆ ನೋಡಲೇ ಇಲ್ಲ. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

“ಸುಳ್ಳು ನಂಬಿ ಕ್ಷಮಿಸಿಬಿಟ್ನಲ್ಲೇ. ಈಗ ಯಾರ ಹತ್ರ ಹೋಗಿ ಜಗಳ ಆಡ್ಲಿ?”