ಗುರುವಿನ ಅಂಕಿತ, ಗೌರಕ್ಕನ ಹಾಡು

ಗೌರಕ್ಕನನ್ನು ಮೊದಲು ನೋಡಿದ್ದು ಕಲಘಟಗಿಯಲ್ಲಿ, ನಾನು ಕಿರಿಯ ವಕೀಲೆಯಾಗಿ ಸೇರಿದ್ದ ಕಚೇರಿಯಲ್ಲಿ. ಮಧ್ಯಾಹ್ನ ಊಟದ ಹೊತ್ತು. ಗದ್ದೆಯಿಂದ ನೇರ ಬಸ್ಸು ಹತ್ತಿದ್ದರೇನೋ, ಸೀರೆಯ ಅಂಚಿಗೆ ಕೆಸರು ಒಣಗಿತ್ತು. ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತು, ದೊಡ್ಡ ವಕೀಲರ ಖಾಲಿ ಕುರ್ಚಿಯನ್ನೂ ನನ್ನ ಡಬ್ಬಿಯನ್ನೂ ನೋಡಿದರು.

"ನೀ ಉಣ್ಣು, ನಾ ಹೇಳ್ತೀನಿ. ಕಿವಿ ಖಾಲಿ ಅದಾವಲ್ಲ?"

ಮಿಶ್ರಿಕೋಟಿಯ ಹೆಣ್ಣುಮಕ್ಕಳ ಭಜನಾ ಮೇಳಕ್ಕೆ ಅವರೇ ಮುಖ್ಯ ಹಾಡುಗಾರ್ತಿ. ಅವರು ಕಟ್ಟಿದ ಹಾಡೊಂದನ್ನು ಮೇಳದವರು ಯೂಟ್ಯೂಬಿಗೆ ಹಾಕಿದ್ದರು. ಒಂದು ಆಡಿಯೋ ಕಂಪನಿ ಅದನ್ನೇ ಬೇರೆಯವರಿಂದ ಹಾಡಿಸಿ ತಾನೂ ಹಾಕಿ, ಹಾಡು ತನ್ನ ಸ್ವತ್ತೆಂದು ದೂರು ಕೊಟ್ಟು ಮೇಳದ ವಿಡಿಯೋ ತೆಗೆಸಿತ್ತು.

"ನನ್ನ ಹಾಡು ನಾನಽ ಕದ್ದೀನಂತ. ಇಂಥಾ ಕಳ್ಳೀನ ಎಲ್ಲರೆ ನೋಡೀಯೇನ ಬೇ ತಂಗಿ?"

ಫೋನಿನಲ್ಲಿದ್ದ ಹಾಡನ್ನು ಕೇಳಿದೆ. ಕೊನೆಯ ನುಡಿಯಲ್ಲಿ ಅವರ ಹೆಸರಿರಲಿಲ್ಲ, ತೀರಿಹೋದ ಗುರು ಮಡಿವಾಳೆಪ್ಪಜ್ಜನ ಹೆಸರಿತ್ತು. ಆ ಭಜನೆಯವರ ರೂಢಿಯೇ ಹಾಗೆ. ಹಾಡು ಶಿಷ್ಯರು ಕಟ್ಟಿದರೂ ಅಂಕಿತ ಗುರುವಿನದು. 'ನಾ ಕಟ್ಟಿದೆ' ಎನ್ನುವುದು ಸೊಕ್ಕು. ಕಂಪನಿಯವ ಫೋನ್ ಮಾಡಿ "ಯಾರ ಹಾಡ್ರಿ ಇದು?" ಎಂದಾಗ ಗೌರಕ್ಕ ರೂಢಿಯಂತೆ "ನಮ್ಮ ಅಜ್ಜಾರದ್ರಿ" ಎಂದುಬಿಟ್ಟಿದ್ದರು. ಅವನು ಆ ಮಾತನ್ನು ರೆಕಾರ್ಡ್ ಮಾಡಿಕೊಂಡು, ಅಜ್ಜನ ಮೊಮ್ಮಗ ಸಿದ್ಧಾರೂಢನಿಂದ ಹಕ್ಕು ಬರೆಸಿಕೊಂಡಿದ್ದ.

ನಾನು ಓದಿದ್ದನ್ನು ಹೇಳಿದೆ. ಇಂಗ್ಲೆಂಡಿನಲ್ಲಿ ಮೊದಲು ಈ ಕೃತಿಸ್ವಾಮ್ಯದ ಹಕ್ಕು ಅಚ್ಚಿನವರ ಕೈಯಲ್ಲಿತ್ತು. ಬರೆದವನಿಗೂ ಹಕ್ಕುಂಟೆಂದು ಕಾನೂನು ಒಪ್ಪಿದ್ದು 1710ರಲ್ಲಿ. ನಮ್ಮ 1957ರ ಕಾಯ್ದೆಯ ಪ್ರಕಾರ ಹಾಡು ಕಟ್ಟಿದವರದು, ನೋಂದಣಿ ಕಡ್ಡಾಯವಲ್ಲ. ಹಾಡುವವರಿಗೆ ತಮ್ಮ ಹಾಡಿಕೆಯ ಮೇಲೆ ಹಕ್ಕು ಬಂದದ್ದು 1994ರ ತಿದ್ದುಪಡಿಯಿಂದ.

"ಅಚ್ಚಿನಾವ ಮೊದಲು, ಬರದಾವ ಆಮ್ಯಾಲೆ, ಹಾಡಾಕಿ ಕಡೀಗೆ," ಎಂದರು ಗೌರಕ್ಕ. "ಅಗದಿ ನಮ್ಮ ಊಟದ ಪಂಕ್ತಿ ಆತು ಬಿಡು."

ದೂರಿಗೆ ಉತ್ತರ ಕೊಡಲು 'ಇದು ನನ್ನ ರಚನೆ' ಎಂದು ಅವರೇ ಹೇಳಿಕೆ ನೀಡಬೇಕಿತ್ತು. ಅಲ್ಲಿ ಗೌರಕ್ಕ ಹಿಂಜರಿದರು. "ಆ ಮಾತು ನನ್ನ ಬಾಯಾಗ ಬರಂಗಿಲ್ಲ" ಎಂದು ಎದ್ದು ಹೋದರು.

ಅಮಾವಾಸ್ಯೆಯ ಸಂಜೆ ಭಜನೆಗೆ ನನ್ನನ್ನೂ ಕರೆದಿದ್ದರು. ಹಾಡು ಶುರುವಾಗುವ ಮೊದಲೇ ಸಿದ್ಧಾರೂಢ ಎದ್ದುನಿಂತ. "ಅಕ್ಕಾ, ಹಾಡು ಅಜ್ಜಂದಂತ ಬರದುಕೊಡು. ಕಂಪನಿಯವ್ರು ಹಾಡಾಕ ಪರವಾನಗಿ ಕೊಡ್ತಾರಂತ."

"ಪರವಾನಗಿ? ನನಗ?"

"ಅಂಕಿತ ನಮ್ಮಜ್ಜಂದು. ಅಂದಮ್ಯಾಲೆ ಹಾಡು ನಮ್ಮ ಮನೀದಽ."

ಗೌರಕ್ಕ ತಾಳ ಕೆಳಗಿಟ್ಟರು. "ಲೇ ಸಿದ್ಧ್ಯಾ, ನಿಮ್ಮಜ್ಜ ತನ್ನ ಹಾಡಿಗೆ ಯಾರ ಅಂಕಿತ ಇಟ್ಟಾನ?"

ಮಡಿವಾಳೆಪ್ಪಜ್ಜನೂ ತನ್ನ ಹಾಡುಗಳಿಗೆಲ್ಲ ತನ್ನ ಗುರುವಿನ ಹೆಸರನ್ನೇ ಇಟ್ಟಿದ್ದ. ಅಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು.

"ಹಂಗಾರ ನಿಮ್ಮಜ್ಜನ ಹಾಡೂ ನಿಮ್ಮವಲ್ಲ!" ಎಂದಳು ಹಾರ್ಮೋನಿಯಂ ಬಾರಿಸುವ ಸಣ್ಣವ್ವ. "ಹೋಗಪ್ಪಾ, ಆ ಗುರುವಿನ ಮೊಮ್ಮಕ್ಕಳನ್ನ ಹುಡುಕಿ ಪರವಾನಗಿ ತಗೊಂಬಾ." ಮೇಳವೆಲ್ಲ ನಕ್ಕಿತು. ಗೌರಕ್ಕ ನಗಲಿಲ್ಲ. ಅಜ್ಜನ ಫೋಟೋಕ್ಕೆ ಕೈಮುಗಿದು ಗಟ್ಟಿಯಾಗಿ ಹೇಳಿದರು:

"ಈ ಹಾಡು ನಾ ಕಟ್ಟೀನಿ. ಹೆಸರು ಗುರುವಿಗೆ ಕೊಟ್ಟೀನಿ, ಕಂಪನಿಗೆ ಕೊಟ್ಟಿಲ್ಲ. ಸೊಕ್ಕು ಅನ್ನೋರು ಅನ್ಕೋರಿ."

ಮರುದಿನ ಬಂದು ಅದನ್ನೇ ಹೇಳಿಕೆಯಾಗಿ ಕೊಟ್ಟರು. ಸಾಕ್ಷಿಗೆ ಮೇಳದವರೆಲ್ಲ ಬಂದರು. ಯೂಟ್ಯೂಬಿನ ಗಡುವಿನೊಳಗೆ ಕಂಪನಿ ಕೋರ್ಟಿಗೆ ಹೋಗಲಿಲ್ಲ, ಹಾಗಾಗಿ ಮೇಳದ ವಿಡಿಯೋ ಮರಳಿ ಬಂತು. ಕಂಪನಿ ಹಾಕಿದ ಪ್ರತಿ ಇನ್ನೂ ಇದೆ. ಅದರ ಮೇಲೆ ಗೌರಕ್ಕ ಈಗ ದಾವೆ ಹೂಡಿದ್ದಾರೆ, ತಾರೀಖಿಗೆ ತಪ್ಪದೆ ಬರುತ್ತಾರೆ. ಉಳಿದ ದಿನ ಮಿಶ್ರಿಕೋಟಿಯಲ್ಲಿ ಭತ್ತ ಬೆಳೆಯುತ್ತಾರೆ, ಹಾಡು ಕಟ್ಟುತ್ತಾರೆ. ಅಂಕಿತ ಅಜ್ಜನದನ್ನೇ ಇಡುತ್ತಾರೆ. ಹಾಡುವ ಮುಂಚೆ, ಕಟ್ಟಿದಾಕಿ ತಾನೆಂದು ಮೈಕಿನಲ್ಲಿ ಹೇಳುತ್ತಾರೆ.