ಜೋಳ ತುಂಬಿದ್ದ ಸ್ಪೀಕರ್ ಪೆಟ್ಟಿಗೆ

ನನ್ನನ್ನು ಸಾಕಿದ ಅಕ್ಕ ಬೀದರ್ ಕಡೆಯ ನಮ್ಮೂರು ಬಿಟ್ಟು ನನ್ನ ಜೊತೆ ಹೈದರಾಬಾದಿನ ಉಪ್ಪಲ್‌ಗೆ ಬಂದಾಗ ನಗರದ ತುಂಬ ಕಂಪ್ಯೂಟರ್ ಕಂಪನಿಗಳು ಏಳುತ್ತಿದ್ದವು. ಅಂಥದ್ದೊಂದರಲ್ಲಿ ನನಗೊಂದು ಕುರ್ಚಿ ಸಿಕ್ಕಿತ್ತು. ಅಕ್ಕನಿಗೆ ಸಿಕ್ಕಿದ್ದು ಓಣಿಯ ಕನ್ನಡದ ಹೆಂಗಸರ ಸೋಮವಾರದ ಭಜನೆ. ಹಾಡು ಎತ್ತುವವಳು ಅವಳೇ. ಆಮೇಲೆ ಕಿವಿ ಮಂದವಾಯಿತು, ತಾಳ ತಪ್ಪತೊಡಗಿತು. ಯಾರೂ ಏನೂ ಅನ್ನಲಿಲ್ಲ. ಅವಳೇ ಹೋಗುವುದು ಬಿಟ್ಟಳು. ಮನೆಯಲ್ಲೂ ಹಾಡು ನಿಂತಿತು. ನನಗೆ ಅದು ಸಹಿಸಲಾಗುತ್ತಿರಲಿಲ್ಲ.

ಒಮ್ಮೆ ನಮ್ಮ ಮಾಳಿಗೆ ಮನೆಯ ಕೆಳಗೆ ಮದುವೆಯ ಬ್ಯಾಂಡು ಹಾದುಹೋದಾಗ ಅಕ್ಕ ಎದೆ ಮುಟ್ಟಿಕೊಂಡು, “ಡೋಲು ಇಲ್ಲಿ ಬಡ್ಯಾಕತ್ತೈತಿ ನೋಡು” ಎಂದಳು.

ಡೋಲಿನಂಥ ಆಳದ ದನಿ ಅವಳಿಗಿನ್ನೂ ತಾಕುತ್ತಿತ್ತು. ಭಜನೆಯ ಕ್ಯಾಸೆಟ್ಟನ್ನು ನನ್ನ ಅಂಗೈಯಗಲದ ಸ್ಪೀಕರಿನಲ್ಲಿ ಹಾಕಿದೆ. ತಬಲಾದ ಜೋಡಿ ಡಗ್ಗಾ ಸೊಳ್ಳೆಯ ಹಾಗೆ ಗುಂಯ್‌ಗುಟ್ಟಿತು. ಅಬಿಡ್ಸ್ ಪೇಟೆಯಿಂದ ವೂಫರ್, ಅಂದರೆ ಆಳದ ದನಿ ಹೊರಡಿಸುವ ಊಟದ ತಟ್ಟೆಯಷ್ಟು ದೊಡ್ಡ ಸ್ಪೀಕರ್, ತಂದು ಸಣ್ಣ ಪೆಟ್ಟಿಗೆಯಲ್ಲಿ ಕೂಡಿಸಿದೆ. ಆಗಲೂ ಅಷ್ಟಕ್ಕಷ್ಟೇ. ಇಕ್ಕಟ್ಟಿನಲ್ಲಿ ಸಿಕ್ಕಿದ ಗಾಳಿ ವೂಫರನ್ನು ಮನಸಾರೆ ಅಲುಗಾಡಲು ಬಿಡುವುದಿಲ್ಲ, ಆಳದ ದನಿ ಹೊರಡುವುದಿಲ್ಲ. ಕೊನೆಗೆ ಬಡಗಿಯಿಂದ ಸೊಂಟದೆತ್ತರದ ಪೆಟ್ಟಿಗೆ ಮಾಡಿಸಿದೆ.

ಮರುದಿನ ಆಫೀಸಿನಿಂದ ಬಂದು ನೋಡುತ್ತೇನೆ, ವೂಫರ್ ಕೂಡಿಸುವ ದುಂಡು ಕಿಂಡಿಯ ತನಕ ಊರ ಜೋಳ. ನನ್ನ ಮುಖ ನೋಡಿಯೇ ಅಕ್ಕ ಶುರುಮಾಡಿದಳು.

“ಇಷ್ಟ ದೊಡ್ಡ ಪೆಟಗಿ ಯಾರರ ಖಾಲಿ ಇಡ್ತಾರೇನು? ಮನಿಗೆ ಛಲೋ ಅಲ್ಲ.”

“ಒಳಗಿನ ಗಾಳೀನ ದನಿ ಕೊಡತೈತಿ ಅಕ್ಕಾ,” ಕಿವಿಯ ಹತ್ತಿರ ಕೂಗಿದೆ.

“ಗಾಳಿ ಹೊಟ್ಟಿ ತುಂಬಸತೈತೇನು?”

ಗೊಣಗುತ್ತಲೇ ಜೋಳ ತೋಡಿದಳು. ಒಂದು ಹಿಡಿಯನ್ನು ಮಾತ್ರ ಬಟ್ಟೆಯಲ್ಲಿ ಗಂಟು ಕಟ್ಟಿ ಪೆಟ್ಟಿಗೆಯ ಮೂಲೆಯಲ್ಲಿ ಉಳಿಸಿದಳು. ಬರಿದು ಮಾಡಬಾರದು, ಅಷ್ಟೇ. ನಾನೂ ಒಪ್ಪಿದೆ.

ವೂಫರ್ ಕೂಡಿಸಿ ಕ್ಯಾಸೆಟ್ ಹಾಕಿದೆ. ಅಕ್ಕ ಪೆಟ್ಟಿಗೆಯ ಮೇಲೆ ಅಂಗೈ ಊರಿದಳು. ಡಗ್ಗಾದ ಗುಂ ಅವಳ ಬಳೆಗಳನ್ನು ನಡುಗಿಸಿತು. ಸ್ವಲ್ಪ ಹೊತ್ತು ತುಟಿ ಅಲುಗಿತು, ಆಮೇಲೆ ದನಿ ಬಂತು.

“ತಾಳ ಬರೋಬರಿ ಐತೇನು?” ಎಂದು ಕೇಳಿದಳು. ಹೌದೆಂದು ತಲೆಯಾಡಿಸಿದೆ.

ಅಷ್ಟು ಭಾರದ ಪೆಟ್ಟಿಗೆಯನ್ನು ಭಜನೆಯ ಮನೆಗೆ ಹೊರುವುದು ಆಗದ ಮಾತು. ಸುದ್ದಿ ತಿಳಿದ ಹೆಂಗಸರು ಮುಂದಿನ ಸೋಮವಾರ ಡಗ್ಗಾ, ಹಾರ್ಮೋನಿಯಂ ಪೇಟಿ ಎಲ್ಲ ಹೊತ್ತುಕೊಂಡು ಮೆಟ್ಟಿಲು ಹತ್ತಿ ನಮ್ಮನೆಗೇ ಬಂದರು. ಅವರ ಋಣ ನಾನು ತೀರಿಸಲಾರೆ, ತೀರಿಸುವ ಆಸೆಯೂ ಇಲ್ಲ. ಡಗ್ಗಾದ ಮುಂದೆ ಮೈಕ್ ಇಟ್ಟು ಪೆಟ್ಟಿಗೆಗೆ ಜೋಡಿಸಿದೆ. ಅಕ್ಕ ಪೆಟ್ಟಿಗೆಗೆ ಬೆನ್ನು ಆನಿಸಿ ಕೂತು, ಯಾರನ್ನೂ ಕಾಯದೆ ಮೊದಲ ಹಾಡು ಎತ್ತಿದಳು.