ಡಂಕಣ್ಣನ ಸ್ಕೂಟರ್

ಸ್ಕಾಟ್ಲೆಂಡಿನ ಮಾಜಿ ಫುಟ್‌ಬಾಲ್ ಆಟಗಾರ ಡಂಕನ್, ಮೂಡುಬಿದಿರೆಯ ಮಕ್ಕಳಿಗೆ ಕೋಚ್ ಆದ ವಾರದಲ್ಲೇ ಡಂಕಣ್ಣ ಆದರು. ಪಾಸ್ ಕೊಡದವರಿಗೆ "ಚೆಂಡು ನಿನ್ನ ಅಜ್ಜನದ್ದಾ ಮಾರಾಯ?" ಎಂದು ಅರಚುತ್ತಾರೆ, "ಗೋಳಿಬಜೆ ತಿಂದರೆ ಓಡ್ಲಿಕ್ಕೆ ಆಗುದಿಲ್ಲ" ಎಂದು ಬೋಧಿಸುತ್ತಲೇ ತಾವು ಐದನೆಯದಕ್ಕೆ ಕೈಹಾಕುತ್ತಾರೆ. ತಂಡದ ಪಟ್ಟಿಯನ್ನು ಮಾತ್ರ ಎಂದೂ ಗೋಡೆಗೆ ಅಂಟಿಸುವುದಿಲ್ಲ. ಆಯ್ಕೆಯಾಗದ ಮಕ್ಕಳ ಮನೆಗೆ ಸ್ಕೂಟರಿನಲ್ಲಿ ತಾವೇ ಹೋಗಿ ಹೇಳುತ್ತಾರೆ. ಹಾಗಾಗಿ ಆಯ್ಕೆ ನಡೆದ ಸಂಜೆ, ದೂರದ ಪುಂಜಾಲಕಟ್ಟೆಯವರೆಗೂ, ಸ್ಕೂಟರ್ ನಿಲ್ಲದೆ ಮುಂದೆ ಹೋದ ಮನೆಗಳಲ್ಲೆಲ್ಲ "ಅಬ್ಬ!" ಎಂಬ ಉದ್ಗಾರ. ಪಟ್ಟಿ ಯಾಕೆ ಅಂಟಿಸುವುದಿಲ್ಲ ಎಂದು ನಿನ್ನೆ ನಾನು ಕೇಳಿದೆ. "ಹದಿನೇಳು ವರ್ಷಕ್ಕೆ ನನ್ನ ಹೆಸರು ಇಲ್ಲದ ಪಟ್ಟಿಯನ್ನು ನಾನು ಗೋಡೆಯಲ್ಲಿ ಓದಿದ್ದು. ಮತ್ತೆ ಎರಡು ವರ್ಷ ಚೆಂಡು ಮುಟ್ಟಲಿಲ್ಲ" ಎಂದರು. ಇಂದು ಬೆಳಿಗ್ಗೆ ನೋಡಿದರೆ, ನಿನ್ನೆ ಸ್ಕೂಟರ್ ನಿಂತ ಮನೆಯ ಹುಡುಗಿ ಸುರಕ್ಷಾ, ಮೈದಾನದಲ್ಲಿ ಕುಳಿತು ಬೂಟಿನ ಲೇಸು ಕಟ್ಟುತ್ತಿದ್ದಳು. ಡಂಕಣ್ಣನೂ "ಅಬ್ಬ!" ಎಂದರು.